ತಪ್ಪಿನ ಲೆಕ್ಕ ಮೊದಲು, ಯಂತ್ರ ಆಮೇಲೆ

ಸಾಗರ,
ಶುಕ್ರವಾರ

ಚಿ. ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಜಿಪಿಎಸ್ ಯಂತ್ರಗಳ ಹದಿನಾಲ್ಕು ಲಿಂಕುಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. ನಿನ್ನ ಅತ್ತೆ ಊಟಕ್ಕೆ ಎರಡು ಸಲ ಕರೆದು ಸುಮ್ಮನಾದಳು. ಅಂಗೈಯಗಲದ ಹಳದಿ ಗಾರ್ಮಿನ್ ಒಂದು, ಕೋಲಿನ ತುದಿಗೆ ಅಣಬೆ ಕೂರಿಸಿದ ಹಾಗಿರುವ, ಸೆಂಟಿಮೀಟರಿನ ಲೆಕ್ಕದಲ್ಲಿ ಅಳೆಯುವ ಆರ್‌ಟಿಕೆ ಜೋಡಿ ಒಂದು, ಕೈಗಡಿಯಾರ ಒಂದು, ಮತ್ತೆ ಏನೇನೋ. ಎಲ್ಲದರ ಕೆಳಗೆ ನಿನ್ನದು ಒಂದೇ ಸಾಲು: "ಮಾವ, ಯಾವ್ದು ತಗಳ್ಲಿ?" ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂದು ಮರೆಯುವವನು ನೀನು. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತನಾಲ್ಕು ವರ್ಷ ಸರ್ವೆ ಕೆಲಸದಲ್ಲಿ ಚೈನು ಎಳೆದವನು ನಾನು. ನಿನ್ನನ್ನು ಕೇಳುವುದು ಇಷ್ಟೆ: ನೀನು ಮಾಡಹೊರಟ ಕೆಲಸ ಎಷ್ಟು ತಪ್ಪನ್ನು ತಡೆದುಕೊಳ್ಳುತ್ತದೆ? ಮೂರು ಕೆಲಸ ಹೇಳಿದ್ದೀಯ. ತೋಟದವರಿಗೆ ಡ್ರಿಪ್ ಪೈಪಿಗೆ, ಗೊಬ್ಬರಕ್ಕೆ ಅಳತೆ ಮಾಡಿಕೊಡುವುದು. ರಜೆಯಲ್ಲಿ ಹುಡುಗರನ್ನು ಕೊಡಚಾದ್ರಿ ಕಡೆ ಚಾರಣಕ್ಕೆ ಕರೆದೊಯ್ಯುವುದು. ಮುಂದೆ ಪರವಾನಗಿ ಸಿಕ್ಕಿದರೆ ಪೋಡಿ (ಜಮೀನಿನ ಪಾಲು ಬೇರ್ಪಡಿಸುವುದು), ಹದ್ದುಬಸ್ತು (ಗಡಿ ಗುರುತಿಸುವುದು) ಮಾಡುವುದು. ಚಾರಣದಲ್ಲಿ ಹತ್ತು ಮೀಟರ್ ತಪ್ಪಿದರೂ ದಾರಿ ಕಣ್ಣಿಗೆ ಬೀಳುತ್ತದೆ. ಡ್ರಿಪ್ಪಿನಲ್ಲಿ ಮೂರು ಮೀಟರ್ ಹೆಚ್ಚುಕಮ್ಮಿಯಾದರೆ ಒಂದಿಷ್ಟು ಪೈಪು ಉಳಿದೀತು. ಹದ್ದಿನಲ್ಲಿ ಒಂದು ಗೇಣು ತಪ್ಪಿದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಈ ಮೂರಕ್ಕೂ ಒಂದೇ ಯಂತ್ರ ಹುಡುಕುತ್ತಿದ್ದೀಯಲ್ಲ, ತೊಡಕಿರುವುದು ಅಲ್ಲೇ.

ಲೆಕ್ಕ ಹಾಕಿ ತೋರಿಸುತ್ತೇನೆ. ಒಳ್ಳೆಯ ಕೈಯಂತ್ರ, ಅಂದರೆ ಕೈಯಲ್ಲಿ ಹಿಡಿಯುವ ಜಿಪಿಎಸ್, ಬಯಲಿನಲ್ಲಿ ಮೂರರಿಂದ ಐದು ಮೀಟರಿನೊಳಗೆ ಜಾಗ ಹೇಳುತ್ತದೆ. ಹತ್ತು ಗುಂಟೆಯ ಚೌಕ ತುಂಡು ಎಂದರೆ ಬದಿ ಸುಮಾರು 32 ಮೀಟರ್. ಬದಿಗೆ 3 ಮೀಟರ್ ಹೆಚ್ಚು ತೋರಿತು ಅನ್ನು, 35ಕ್ಕೆ 35, ಹನ್ನೆರಡು ಗುಂಟೆ ಚಿಲ್ಲರೆ. ಇಲ್ಲದ ಎರಡು ಗುಂಟೆ ಹುಟ್ಟಿತು! ಹತ್ತು ಎಕರೆಯ ಚೌಕಕ್ಕೆ ಬದಿ 201 ಮೀಟರ್. ಅದೇ 3 ಮೀಟರ್ ತಪ್ಪಿಗೆ ಹೆಚ್ಚುವುದು ಹನ್ನೆರಡು ಗುಂಟೆ, ನೂರಕ್ಕೆ ಮೂರರಷ್ಟು ಮಾತ್ರ. ಗೊಬ್ಬರದ ಲೆಕ್ಕಕ್ಕೆ ಅದು ಏನೂ ಅಲ್ಲ. ಕ್ರಯಪತ್ರಕ್ಕೆ ಹನ್ನೆರಡು ಗುಂಟೆ ಎಂದರೆ ಕೋರ್ಟು.

ಇನ್ನು ನಮ್ಮ ಕಡೆಯ ಆಕಾಶ. ಅಂಗಡಿಯವರು ಹೇಳುವ ಅಳತೆಯೆಲ್ಲ ತೆರೆದ ಬಯಲಿನದು. ಜಿಪಿಎಸ್ ಉಪಗ್ರಹಗಳಿರುವುದು 20,200 ಕಿಲೋಮೀಟರ್ ಮೇಲೆ. ಸಂಕೇತ ಇಲ್ಲಿಗೆ ಮುಟ್ಟುವಾಗ ಉಸಿರು ಕಟ್ಟಿದ ಹಾಗಿರುತ್ತದೆ. ಅದು ಬರಲು ಹಿಡಿದ ಕಾಲವನ್ನು ಯಂತ್ರ ಎಣಿಸುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ತಪ್ಪಿದರೂ ನೆಲದ ಮೇಲೆ 30 ಸೆಂಟಿಮೀಟರ್ ಹೋಯಿತು. ಒದ್ದೆ ಎಲೆ ಸಂಕೇತವನ್ನು ನುಂಗುತ್ತದೆ. ಗುಡ್ಡ ಕಡಿದ ಧರೆ, ತಗಡಿನ ಮಾಡು ಅದನ್ನು ಬಡಿದು ಸುತ್ತುಬಳಸಿ ಕಳಿಸುತ್ತವೆ. ಎರಡೂ ಕಡೆ ಗುಡ್ಡ, ಮೇಲೆ ಅಡಿಕೆ ಸೋಗೆ, ಅಂಥ ತೋಟದ ನಡುವೆ ಐದು ಮೀಟರಿನ ಯಂತ್ರ ಹದಿನೈದಕ್ಕೆ ಇಳಿದದ್ದನ್ನು ನಾನೇ ಕಂಡಿದ್ದೇನೆ.

1998ರಲ್ಲಿ ಗೆಳೆಯರೊಬ್ಬರ ಕೈಯಂತ್ರ ತಂದು ತುಳಸಿಕಟ್ಟೆ ಮೇಲಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ನಮ್ಮ ತುಳಸಿಕಟ್ಟೆ ಪಕ್ಕದ ಮನೆಯ ಬಾವಿಯ ತನಕ ಹೋಗಿ ಬಂತು. ಅಮೆರಿಕದವರು ಬೇಕೆಂದೇ ಸಂಕೇತ ಕೆಡಿಸಿ ಕೊಡುತ್ತಿದ್ದ ಕಾಲ ಅದು. 2000ದ ಮೇ 2ರಿಂದ ಬಿಟ್ಟರು. ಆಮೇಲೆ ಅದೇ ಯಂತ್ರ ಅದೇ ಕಟ್ಟೆಯ ಮೇಲೆ ತಣ್ಣಗೆ ಕೂತಿತು.

ಹಣ ಬಿಚ್ಚುವ ಮೊದಲು ನಿನ್ನ ಜೇಬಿನ ಫೋನನ್ನೇ ಪರೀಕ್ಷೆ ಮಾಡು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಬಾರದು. ಜಿಪಿಎಸ್‌ಟೆಸ್ಟ್ ಅನ್ನುವ ಉಚಿತ ಆ್ಯಪ್ ಹಾಕಿಕೊಂಡು ಅಂಗಳಕ್ಕೆ ಬಾ. ಯಾವ ಯಾವ ದೇಶದ ಉಪಗ್ರಹ ಸಿಗುತ್ತಿದೆ ಅಂತ ಬಾವುಟ ಸಮೇತ ತೋರಿಸುತ್ತದೆ: ಅಮೆರಿಕ, ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡು. ಎಲ್1 ಜೊತೆಗೆ ಎಲ್5 ಅಂತಲೂ ಕಂಡರೆ ನಿನ್ನ ಫೋನು ಎರಡು ಆವರ್ತನದ್ದು, ಪುಣ್ಯ ಮಾಡಿದ್ದೀಯ. ಆಕಾಶದ ಅಯಾನುಗೋಳ, ಅಂದರೆ ಮೇಲಿನ ವಿದ್ಯುತ್ಕಣಗಳ ಪದರ, ಸಂಕೇತವನ್ನು ತಡಮಾಡುತ್ತದೆ. ಎರಡು ಆವರ್ತನ ಇದ್ದರೆ ಆ ತಡ ಎಷ್ಟೆಂದು ಲೆಕ್ಕ ಸಿಗುತ್ತದೆ. ಭೂಮಧ್ಯರೇಖೆಗೆ ಹತ್ತಿರದ ನಮ್ಮಂಥ ಸೀಮೆಯಲ್ಲಿ ಈ ಕಾಟ ಮಧ್ಯಾಹ್ನದ ಮೇಲೆ ಹೆಚ್ಚು, ಹೊತ್ತು ಮುಳುಗಿದ ಮೇಲೆ ಇನ್ನೊಂದು ಬಗೆ. ಅಳತೆ ಬೆಳಿಗ್ಗೆಯೇ ಮುಗಿಸು.

ತ್ರಿವರ್ಣ ಕಂಡರೆ ಅದು ನಮ್ಮ ದೇಶದ್ದೇ ಪಥಸೂಚಿ ಉಪಗ್ರಹಗಳ ವ್ಯವಸ್ಥೆ, ನಾವಿಕ್. ಉಪಗ್ರಹಗಳ ಹಿಡಿತ ಹಾಸನದಲ್ಲಿ, ಪಥಸೂಚಿ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಹೆಮ್ಮೆ ಪಡು, ಆದರೆ 'ನಾವಿಕ್ ಇದೆ' ಎಂಬ ಒಂದು ಸಾಲಿಗಾಗಿ ಹೆಚ್ಚು ದುಡ್ಡು ಕೊಡಬೇಡ. ಮೊದಲ ಸರಣಿಯಲ್ಲಿ ಹೊರದೇಶದಿಂದ ತಂದ ಪರಮಾಣು ಗಡಿಯಾರಗಳು ಹಲವು ಕೈಕೊಟ್ಟವು. ಇಲ್ಲೇ ಮಾಡಿದ ಗಡಿಯಾರ ಹೊತ್ತ ಎನ್‌ವಿಎಸ್-01 ಮೇಲೆ ಹೋದದ್ದು 2023ರ ಮೇ 29ರಂದು. ಸದ್ಯಕ್ಕೆ ಅದನ್ನು ಉಳಿದವರ ಜೊತೆ ಸೇರಿಸಿಕೊಳ್ಳುವುದೇ ಸರಿ.

ಈಗ ಪರೀಕ್ಷೆ. ಆಕಾಶ ಕಾಣುವ ಕಡೆ ಒಂದು ಕಲ್ಲಿಗೆ ಗುರುತು ಹಾಕು. ಮೂರು ದಿನ, ದಿನಕ್ಕೆ ಮೂರು ಹೊತ್ತು, ಅದೇ ಗುರುತಿನ ಮೇಲೆ ಫೋನಿಟ್ಟು ಐದು ನಿಮಿಷ ಬಿಟ್ಟು ಅಕ್ಷಾಂಶ ರೇಖಾಂಶ ಬರೆದುಕೋ. ದಶಮಾಂಶದ ಐದನೇ ಸ್ಥಾನ ಎಂದರೆ ಹೆಚ್ಚುಕಡಿಮೆ ಒಂದು ಮೀಟರ್. ಒಂಬತ್ತು ಅಂಕಿ ಎಷ್ಟು ಚದುರಿವೆ ನೋಡು. ಆಮೇಲೆ ಇದನ್ನೇ ತೋಟದೊಳಗೆ ಮಾಡು. ಪೆಟ್ಟಿಗೆಯ ಮೇಲೆ ಅಚ್ಚಾದ ಯಾವ ಅಂಕಿಗಿಂತಲೂ ಆ ಚದುರುವಿಕೆ ನಿನಗೆ ನಿಜ ಹೇಳುತ್ತದೆ. ಅಂಗಡಿಯವರು ಯಂತ್ರವನ್ನು ಪರೀಕ್ಷೆಗೆ ಕೊಡುತ್ತಾರಾದರೆ ಅದಕ್ಕೂ ಇದೇ ಕಲ್ಲು, ಇದೇ ತೋಟ.

ಹಾಗಾದರೆ ಕೈಯಂತ್ರ ಯಾರಿಗೆ? ಮಳೆಗಾಲದಲ್ಲಿ ಓಡಾಡುವವರಿಗೆ. ಒದ್ದೆ ಬೆರಳಿಗೆ ಫೋನಿನ ಪರದೆ ಮಾತು ಕೇಳುವುದಿಲ್ಲ, ಇದಕ್ಕೆ ಗುಂಡಿಗಳಿವೆ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಎರಡು ಎಎ ಸೆಲ್ ಹಾಕುವಂಥದ್ದನ್ನೇ ಆರಿಸು: ಕಟ್ಟಿನಕಾರು ಕಡೆಯ ಗೂಡಂಗಡಿಯಲ್ಲೂ ಪೆನ್‌ಟಾರ್ಚಿನ ಸೆಲ್ ಸಿಕ್ಕೀತು, ಅದರ ವಿಶೇಷ ಬ್ಯಾಟರಿ ಸಿಗಲಾರದು. ಆಂಟೆನಾ ಯಾವ ಬಗೆಯದು ಎಂದು ಕೇಳು. ಮೇಲೆ ಮೊಂಡು ಕೊಂಬಿನ ಹಾಗೆ ಎದ್ದು ನಿಂತದ್ದು ಸುರುಳಿ ಆಂಟೆನಾ. ನೆಟ್ಟಗೆ ಹಿಡಿದರೆ ಮರದ ಕೆಳಗೆ ವಾಸಿ. ಒಳಗೇ ಚಪ್ಪಟೆಯಾಗಿ ಕೂತದ್ದನ್ನು ಅಂಗೈ ಮೇಲೆ ಮಲಗಿಸಿ ಹಿಡಿಯಬೇಕು. ಇದು ಗೊತ್ತಿಲ್ಲದೆ ಕುತ್ತಿಗೆಗೆ ತೂಗುಹಾಕಿಕೊಂಡು ಎದೆಗೆ ಆನಿಸಿ ನಡೆಯುವವರೇ ಎಲ್ಲ. ನಮ್ಮ ಮೈಯೂ ನೀರಿನ ಚೀಲವೇ ತಾನೆ?

ಸೆಟಿಂಗಿನಲ್ಲಿ ವಾಸ್ ಅಂತ ಒಂದು ಇರುತ್ತದೆ. ಅದು ಅಮೆರಿಕದ ಹೆಸರು, ನಮ್ಮಲ್ಲಿ ಆ ಕೆಲಸ ಮಾಡುವುದು ಗಗನ್. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ವಿಮಾನಗಳಿಗಾಗಿ ಕಟ್ಟಿದ ತಿದ್ದುಪಡಿಯ ವ್ಯವಸ್ಥೆ, ನಮಗೂ ಪುಕ್ಕಟೆ. ಚಾಲೂ ಮಾಡಿದರೆ ಗಾರ್ಮಿನ್ ಯಂತ್ರದ ಉಪಗ್ರಹಗಳ ಪುಟದಲ್ಲಿ 40, 41ರಂಥ ಅಂಕಿ ಕಾಣಬೇಕು. ಚಾಲೂ ಮಾಡದೆ 'ಯಂತ್ರ ಸರಿಯಿಲ್ಲ' ಅಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಬಿಡಿ ಸಾಮಾನಿಗೆ ಹೆಚ್ಚು ಯೋಚಿಸಬೇಡ. ಸುಮ್ಮನಿದ್ದರೂ ಬೇಗ ಖಾಲಿಯಾಗದ ರೀಚಾರ್ಜ್ ಸೆಲ್ ಎರಡು ಜೊತೆ, ಒಳ್ಳೆಯ ದಾರ, ಫೋನಿಗೊಂದು ಪವರ್ ಬ್ಯಾಂಕ್. ಚರ್ಮದ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ಹಳೆಯ ಯಂತ್ರ ಕೊಳ್ಳುವುದಾದರೆ ಸೆಲ್ ಕೂರುವ ಗೂಡಿನಲ್ಲಿ ಹಸಿರು ಕಿಲುಬು ಇದೆಯೇ, ತೂತು ಮುಚ್ಚುವ ರಬ್ಬರು ಬಿರಿದಿದೆಯೇ ನೋಡು.

ನಕಾಶೆಯ ವಿಚಾರಕ್ಕೆ ಬಾ. ಯಂತ್ರಕ್ಕಿಂತ ನಾನು ಮೋಸಹೋದದ್ದು ಇಲ್ಲೇ. ಮೂರು ಊರಿನ ಗಡಿ ಸೇರುವ ಬಾಂದುಕಲ್ಲೊಂದನ್ನು ಹುಡುಕಲು ಹಳೆಯ ಟೋಪೋಶೀಟಿನಿಂದ ಅಕ್ಷಾಂಶ ರೇಖಾಂಶ ತೆಗೆದು ಯಂತ್ರಕ್ಕೆ ತುಂಬಿಸಿ ಕಾನಿಗೆ ಹೊರಟೆ. ಯಂತ್ರ 'ಬಂತು' ಎಂದ ಕಡೆ ಅರ್ಧ ದಿನ ಪೊದೆ ಸವರಿದೆವು. ಇಂಬಳ ಕಾಲು ತುಂಬ. ಕಲ್ಲು ಸಿಕ್ಕಿದ್ದು ನೂರು ಮೀಟರಿಗೂ ಆಚೆ, ದನ ಕಾಯುವ ಹುಡುಗ ತೋರಿಸಿದ ಮೇಲೆ. ಹಳೆಯ ಶೀಟು ಬರೆದದ್ದು ಎವರೆಸ್ಟ್ ಎಂಬ 1830ರ ಭೂಗೋಳದ ಲೆಕ್ಕದಲ್ಲಿ, ಜಿಪಿಎಸ್ ಕೆಲಸ ಮಾಡುವುದು ಡಬ್ಲ್ಯುಜಿಎಸ್84 ಎಂಬ ಇನ್ನೊಂದು ಲೆಕ್ಕದಲ್ಲಿ. ಯಂತ್ರ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ್ದೇ ತಪ್ಪು. ಈಗ ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ಶೀಟುಗಳು ಡಬ್ಲ್ಯುಜಿಎಸ್84ರಲ್ಲೇ ಇವೆ, ಅವರ ತಾಣದಲ್ಲಿ ಇಳಿಸಿಕೊಳ್ಳಬಹುದು. ಯಾವ ನಕಾಶೆ ಕೈಗೆ ಬಂದರೂ ಅಂಚಿನ ಸಣ್ಣಕ್ಷರ ಓದು.

ಜಾಗವನ್ನು ಡಿಗ್ರಿಯ ಬದಲು ಮೀಟರಿನಲ್ಲಿ ಹೇಳುವ ಯುಟಿಎಂ ಬಳಸುವುದಾದರೆ ನಾವು 43ನೇ ವಲಯ. ಕೋಲಾರದ ಕಡೆ ಕೆಲಸ ಸಿಕ್ಕಿದರೆ 78 ಡಿಗ್ರಿ ರೇಖಾಂಶ ದಾಟಿ 44 ಆಗುತ್ತದೆ, ನೆನಪಿಟ್ಟುಕೋ. ಎತ್ತರದ ಅಂಕಿಯನ್ನಂತೂ ಕಣ್ಣುಮುಚ್ಚಿ ನಂಬಬೇಡ. ಆರ್‌ಟಿಕೆಯವರೊಬ್ಬರು ಹೊನ್ನಾವರದ ಕಡಲ ದಂಡೆಯಲ್ಲಿ ನಿಂತು 'ಮೈನಸ್ ಎಂಬತ್ತು ಚಿಲ್ಲರೆ ಮೀಟರ್ ತೋರಿಸ್ತಿದೆ, ಯಂತ್ರ ಕೆಟ್ಟಿದೆ' ಅಂತ ನನಗೆ ಫೋನು ಮಾಡಿದ್ದರು. ಯಂತ್ರ ಎತ್ತರ ಎಣಿಸುವುದು ಭೂಮಿಯ ಆಕಾರವೆಂದು ಲೆಕ್ಕಕ್ಕೆ ಹಿಡಿದ ದೀರ್ಘಗೋಳದಿಂದ. ನಮ್ಮ ಕಡೆ ನಿಜವಾದ ಸಮುದ್ರಮಟ್ಟ ಅದಕ್ಕಿಂತ ಅಷ್ಟು ಕೆಳಗಿದೆ. ನೀರಾವರಿ ಕಾಲುವೆಗೆ ಮಟ್ಟ ನೋಡುವಾಗ ಇದು ತಿಳಿದಿರಬೇಕು.

ಚಾರಣಕ್ಕೆ ಆರ್ಗಾನಿಕ್ ಮ್ಯಾಪ್ಸ್ ಅಥವಾ ಓಸ್ಮ್ಆ್ಯಂಡ್ ಸಾಕು, ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತವೆ. ಕಾಲುದಾರಿ ಇಲ್ಲದಿದ್ದರೆ ನೀನೇ ನಡೆದು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸು. ಮನೆಯಲ್ಲಿ ಕೂತು ತೋಟದ ನಕ್ಷೆ ಮಾಡಲು ಕ್ಯೂಜಿಐಎಸ್ ಎಂಬ ಕಂಪ್ಯೂಟರ್ ತಂತ್ರಾಂಶ ಕಲಿ. ದುಡ್ಡು ಬೇಡ, ತಾಳ್ಮೆ ಬೇಕು. ನಡೆದ ದಾರಿ, ಗುರುತುಗಳನ್ನು ಬರೆದಿಡುವ ಜಿಪಿಎಕ್ಸ್ ಕಡತವನ್ನು ಯಂತ್ರ ಹೊರಗೆ ಕೊಡದಿದ್ದರೆ ಅದನ್ನು ಕೊಳ್ಳಲೇಬೇಡ.

ಆರ್‌ಟಿಕೆ ಜೋಡಿಯ ಮೇಲೆ ನಿನ್ನ ಕಣ್ಣಿದೆ, ಗೊತ್ತು. ಸೆಂಟಿಮೀಟರಿನ ಲೆಕ್ಕದಲ್ಲಿ ಹೇಳುವುದು ಹೌದು, ಪರದೆಯ ಮೇಲೆ 'ಫಿಕ್ಸ್' (ಜಾಗ ಖಚಿತವಾಯಿತು) ಎಂದಿದ್ದಾಗ ಮಾತ್ರ. 'ಫ್ಲೋಟ್' (ಇನ್ನೂ ಖಚಿತವಾಗಿಲ್ಲ) ಎಂದಿರುವಾಗ ಗುರುತು ಹಾಕಿದರೆ ಅಷ್ಟು ದುಬಾರಿ ಯಂತ್ರವೂ ಅರ್ಧ ಮೀಟರ್ ಆಚೀಚೆ ಹೇಳೀತು, ಮತ್ತು ಸೋಗೆಯ ಕೆಳಗೆ ಅದು ಫ್ಲೋಟಿನಲ್ಲೇ ತೂಗುತ್ತಿರುತ್ತದೆ. ಸರ್ವೆ ಆಫ್ ಇಂಡಿಯಾ ದೇಶದಾದ್ಯಂತ ನಿಲ್ಲಿಸಿರುವ ಕಾರ್ಸ್ ಎಂಬ ಸ್ಥಿರ ಕೇಂದ್ರಗಳ ತಿದ್ದುಪಡಿ ಬಳಸಿದರೆ ಬೇಸ್ (ಒಂದೇ ಕಡೆ ನಿಲ್ಲಿಸುವ ಯಂತ್ರ) ಕೊಳ್ಳದೆ ರೋವರ್ (ಹಿಡಿದು ಓಡಾಡುವ ಯಂತ್ರ) ಒಂದರಲ್ಲೇ ಕೆಲಸ ಆಗುತ್ತದೆ. ಅದಕ್ಕೆ ಮೊಬೈಲ್ ನೆಟ್ ಬೇಕು, ನಿಮ್ಮ ಕಣಿವೆಯಲ್ಲಿ ಅದು ಎಷ್ಟಿದೆ ನಿನಗೇ ಗೊತ್ತು. ರೇಡಿಯೊ ಇರುವ ಜೋಡಿಯಾದರೆ ಆ ಆವರ್ತನಕ್ಕೆ ಪರವಾನಗಿ ಬೇಕೇ ಎಂದು ಮೊದಲು ಕೇಳು. ಅಮ್ಮನ ಬಳೆ ಅಡವಿಟ್ಟು ಕೊಳ್ಳುವ ಮಾತು ಆಡಿದ್ದೀಯಂತೆ. ಪರವಾನಗಿ ಕೈಗೆ ಬರುವ ತನಕ ದಿನದ ಬಾಡಿಗೆಗೆ ತಾ. ವರ್ಷಕ್ಕೆ ಎಷ್ಟು ದಿನ ಬೇಕಾಯಿತು ಎಂದು ಬರೆದಿಡು; ಆ ಪಟ್ಟಿ ತೋರಿಸಿದರೆ ನಾನೇ ಅರ್ಧ ಹಣ ಹಾಕುತ್ತೇನೆ.

ಹದ್ದಿನ ತಕರಾರಿಗೆ ಕರೆದರೆ ಫೋನಿನ ದಿಶಾಂಕ್ ಆ್ಯಪ್ ತೋರಿಸಿ ತೀರ್ಪು ಹೇಳಬೇಡ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಅದು ಚೆನ್ನ. ಗಡಿಯನ್ನು ಹೇಳುವುದು ಸರ್ವೆಯ ಅಳತೆ ಬರೆದ ಟಿಪ್ಪಣಿ ಮತ್ತು ಬಾಂದುಕಲ್ಲು.

ಕೊನೆಯದಾಗಿ, ನಿನ್ನ ಪಟ್ಟಿಯ ಹನ್ನೊಂದನೆಯದು, ಉಪಗ್ರಹದ ಮೂಲಕ ಮೆಸೇಜು ಕಳಿಸುವ ಇನ್‌ರೀಚ್ ಯಂತ್ರ, ಅದನ್ನು ಮುಟ್ಟಲೇಬೇಡ. ಬರೀ ಜಿಪಿಎಸ್ ಸಂಕೇತ ಕೇಳುವುದಕ್ಕೆ ಅಡ್ಡಿಯಿಲ್ಲ. ಉಪಗ್ರಹಕ್ಕೆ ತಿರುಗಿ ಮಾತಾಡುವ ಯಂತ್ರಕ್ಕೆ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. 2024ರಲ್ಲಿ ಇದನ್ನು ಚೀಲದಲ್ಲಿಟ್ಟುಕೊಂಡ ಪ್ರವಾಸಿಗಳನ್ನು ವಿಮಾನ ನಿಲ್ದಾಣದಲ್ಲೇ ತಡೆದಿದ್ದರು. ನಿನ್ನ ಚಿಕ್ಕಪ್ಪ ದುಬೈಯಿಂದ ತಂದುಕೊಡುತ್ತೇನೆ ಎಂದಿದ್ದರೆ ಇವತ್ತೇ ಬೇಡವೆನ್ನು.

ನಮ್ಮ ಅಂಗಳದ ಈಶಾನ್ಯ ಮೂಲೆಯ ಕಲ್ಲಿಗೆ ಬಿಳಿ ಬಣ್ಣ ಹಚ್ಚಿ ಅಡ್ಡಗೆರೆ ಎಳೆದಿಟ್ಟಿದ್ದೇನೆ. ನಿನ್ನ ಒಂಬತ್ತು ಅಂಕಿಗಳ ಚೀಟಿ ಹಿಡಿದು ಬಾ, ಇಲ್ಲಿಯದನ್ನೂ ತೆಗೆಯೋಣ. ಬರುವಾಗ ಅಪ್ಪೆಮಿಡಿ ತರಬೇಕಂತೆ, ಅತ್ತೆಯ ಅಪ್ಪಣೆ.

ಇಂತಿ,
ನಿನ್ನ ಮಾವ