ಹಗಲು ಹೊತ್ತು ನಮ್ಮ ಹಿರಿಯರನ್ನು ನೋಡಿಕೊಳ್ಳುವವರು ಯಾರು?

ಮಾನ್ಯರೇ,

ನಮ್ಮ ಪಕ್ಕದ ಮನೆ ಅಜ್ಜಿಗೆ ಎಂಬತ್ತು ದಾಟಿದೆ. ಮಗ, ಸೊಸೆ ಇಬ್ಬರೂ ನರಸಾಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾರೆ. ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಸೊಸೆ ಎದ್ದ ಕೂಡಲೇ ಮುದ್ದೆ ಮಾಡಿ, ಸಾರಿನ ಪಾತ್ರೆ ಪಕ್ಕದಲ್ಲೇ ಇಟ್ಟು ಹೋಗುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅದು ತಣ್ಣಗಾಗಿ ಗಟ್ಟಿಯಾಗಿರುತ್ತದೆ. ಅಜ್ಜಿಯ ಗಂಟಲಲ್ಲಿ ಇಳಿಯುವುದಿಲ್ಲ.

ಕಳೆದ ತಿಂಗಳು ಮಾತಾಡಿಸೋಣ ಅಂತ ಹೋದೆ. ಅಜ್ಜಿ ಎಲೆಅಡಿಕೆ ಚೀಲದಿಂದ ಮಾತ್ರೆಗಳನ್ನು ತೆಗೆದು ಸೆರಗಿನ ಮೇಲೆ ಹರಡಿಕೊಂಡು ಕೂತಿದ್ದರು. ಶುಗರ್ ಮಾತ್ರೆಯೂ ಬಿಳಿ, ಬಿಪಿ ಮಾತ್ರೆಯೂ ಬಿಳಿ. "ಬೆಳಗ್ಗೆದು ಯಾವ್ದಮ್ಮಾ ಇದ್ರಲ್ಲಿ?" ಅಂದರು. ಗೊತ್ತಾಗದೆ ಮೂರು ದಿನದಿಂದ ಯಾವುದನ್ನೂ ನುಂಗಿರಲಿಲ್ಲ. ಯಾರನ್ನಾದರೂ ಕೇಳೋಣ ಅಂದರೆ ಹಗಲು ಹೊತ್ತು ನಮ್ಮ ಬೀದಿಯಲ್ಲಿ ಜನರೇ ಇರುವುದಿಲ್ಲ.

ಆ ಮಗ, ಸೊಸೆಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಟೊಮೆಟೊ ಬೆಲೆ ನಂಬಿಕೊಂಡು ಮನೆ ನಡೆಸುವುದು ಎಷ್ಟು ಕಷ್ಟ ಅಂತ ನಮ್ಮ ಕೋಲಾರ ಜಿಲ್ಲೆಯವರಿಗೆ ಹೇಳಬೇಕಾ? ತಿಂಗಳಿಗೊಂದು ಸಂಬಳ ಬೇಕು, ಹೋಗುತ್ತಾರೆ.

ತಂದೆತಾಯಿಯನ್ನು ನಿಜಕ್ಕೂ ಕೈಬಿಟ್ಟವರಿಗೆ ಹಿರಿಯರ ಪಾಲನೆಯ 2007ರ ಕಾನೂನು ಇದೆ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಮಕ್ಕಳಿಂದ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳಬೇಕು ಎಂಬ ಷರತ್ತು ಹಾಕಿ ಬರೆದುಕೊಟ್ಟ ದಾನಪತ್ರವಾದರೆ, ನೋಡಿಕೊಳ್ಳದಿದ್ದಾಗ ಅದನ್ನು ರದ್ದು ಮಾಡಿಸಲೂಬಹುದು. ಜಮೀನು ಬರೆದುಕೊಡುವ ಮುಂಚೆ ಹಿರಿಯರು ಈ ಷರತ್ತನ್ನು ತಪ್ಪದೆ ಬರೆಸಬೇಕು. ಆದರೆ ನಮ್ಮ ಅಜ್ಜಿಗೆ ಬೇಕಿರುವುದು ಕೇಸಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಒಂದು ಬಿಸಿ ಊಟ ಮತ್ತು ಮಾತ್ರೆ ಯಾವುದು ಅಂತ ಹೇಳುವ ಒಬ್ಬ ಮನುಷ್ಯ.

ಅದೇ ಕಾನೂನು ಬಡ ಹಿರಿಯರಿಗಾಗಿ ಜಿಲ್ಲೆಗೊಂದಾದರೂ 150 ಜನರ ವೃದ್ಧಾಶ್ರಮದ ಮಾತಾಡುತ್ತದೆ. ಯಾರೂ ಇಲ್ಲದವರಿಗೆ ಅದು ಬೇಕೇ ಬೇಕು. ಆದರೆ ಹುಟ್ಟಿದ ಊರು, ಕೂತ ಜಗಲಿ ಬಿಟ್ಟು ಹೋಗಲು ಎಷ್ಟು ಜನ ಒಪ್ಪುತ್ತಾರೆ? ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1200 ರೂಪಾಯಿ ಕೈಖರ್ಚಿಗೆ ಆಸರೆ, ನಿಜ. ವೃದ್ಧಾಪ್ಯ ವೇತನದಲ್ಲಿ 79 ವರ್ಷದವರೆಗೆ ಕೇಂದ್ರದ ಪಾಲು 2007ರಿಂದಲೂ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ. ಅದನ್ನು ಹೆಚ್ಚಿಸಲೇಬೇಕು. ಹಿರಿಯರ ಸಹಾಯವಾಣಿ 14567 ಒಳ್ಳೆಯದೇ, ಆದರೆ ನಮ್ಮ ಅಜ್ಜಿಗೆ ಫೋನಿನಲ್ಲಿ ಗೊತ್ತಿರುವುದು ಹಸಿರು ಗುಂಡಿ ಒಂದೇ. ಬಂದ ಕರೆ ಎತ್ತುತ್ತಾರೆ, ತಾವಾಗಿ ಮಾಡಲು ಬರುವುದಿಲ್ಲ.

ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾಗಿದ್ದು ನಮ್ಮ ಜಿಲ್ಲೆಯಲ್ಲೇ. ಹಾಗಾದರೆ ಇನ್ನೊಂದು ಹೆಜ್ಜೆಯೂ ಇಲ್ಲಿಂದಲೇ ಆಗಲಿ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರಲ್ಲ, ಹಾಗೇ ಹಿರಿಯರಿಗೂ ಹಗಲು ಹೊತ್ತು ಕೂರಲು ಒಂದು ಜಾಗ ಬೇಕು. ದೊಡ್ಡ ಕಟ್ಟಡ ಬೇಡ. ನಾಲ್ಕು ಮಂಚ, ಜಾರದ ನೆಲದ ಶೌಚಾಲಯ, ಹಿಡಿದುಕೊಳ್ಳಲು ಒಂದು ಕಂಬಿ, ಮಧ್ಯಾಹ್ನ ಬಿಸಿ ಊಟ. ಊರಿನ ಸ್ವಸಹಾಯ ಸಂಘದ ಇಬ್ಬರು ಹೆಂಗಸರಿಗೆ ತರಬೇತಿ ಕೊಟ್ಟು, ಸರಿಯಾದ ಸಂಬಳ ಕೊಟ್ಟು ಕೆಲಸಕ್ಕೆ ತಗೊಳ್ಳಲಿ. ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಕಟ್ಟಬೇಡಿ, ಅವರಿಗೆ ಈಗಲೇ ಕೆಲಸ ಜಾಸ್ತಿಯಾಗಿದೆ. ಹಾಸಿಗೆ ಹಿಡಿದವರ ಮನೆಗೆ ಸಂಘದ ಆ ಇಬ್ಬರಲ್ಲೊಬ್ಬರು ದಿನಕ್ಕೊಮ್ಮೆ ಹೋಗಿ ಬರಲಿ. ತಾಲ್ಲೂಕು ಆಸ್ಪತ್ರೆಗೆ ಹೋಗುವ ದಿನ ಜೊತೆಗೂ ಹೋಗಲಿ.

ನಮ್ಮೂರಿನ ಹಳೇ ಶಾಲೆ ಕಟ್ಟಡ ಖಾಲಿ ಬಿದ್ದಿದೆ. ಮುಂದಿನ ಗ್ರಾಮಸಭೆಯಲ್ಲಿ ಆ ಕಟ್ಟಡ ಕೇಳಬೇಕು ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಜಿಲ್ಲಾ ಪಂಚಾಯಿತಿಯವರು ಹೂಂ ಅಂದರೆ ಸುಣ್ಣ ಬಳಿಯುವ ಕೆಲಸ ನಮ್ಮದು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಕೋಲಾರ ತಾಲ್ಲೂಕು