ಲಾಲ್‌ಬಾಗ್ ಜಾಗದ ವಿಷಯ: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಪ್ಲಾನಿನಲ್ಲಿ ಲಾಲ್‌ಬಾಗಿನ ಜಾಗವೂ ಸೇರಿದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ‘ಲಾಲ್‌ಬಾಗ್ ಮುಟ್ಟುವುದಿಲ್ಲ’ ಎಂಬ ಸರ್ಕಾರದ ಬಾಯಿಮಾತು ಸಾಲದು. ಅದು ಕೊನೆಯ ನಕ್ಷೆಯಲ್ಲೂ ಕಾಣಬೇಕು, ಅಲ್ವಾ?

ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಇದು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ! ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಕೂಡ. ಕಡಿದ ಮರದ ಬದಲು ಸಸಿ ನೆಡಬಹುದು, ಬಂಡೆಗೆ ಏನು ಮಾಡುತ್ತಾರೋ!

ಲಾಲ್‌ಬಾಗ್ ಉಳಿಸಲು ನಾವು ಕೊಡುವ ಮನವಿಯಲ್ಲಿ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ಹೆಸರು ಬರೆಯಿರಿ. ಪಾರ್ಕಿನ ಜಾಗ ಪರಭಾರೆ ಆಗದಂತೆ ತಡೆಯಲೆಂದೇ ಬಂದ ಕಾನೂನು ಅದು.

ಸಹಿ ಹಾಕುವವರು ಭಾನುವಾರ ಬೆಳಿಗ್ಗೆ 7ಕ್ಕೆ ಗಾಜಿನ ಮನೆ ಹತ್ತಿರ ಬನ್ನಿ. ಸುಮ್ನೆ ಹಳೇ ಫಾರ್ವರ್ಡ್‌ಗಳನ್ನು ಇಲ್ಲಿ ಹಾಕಬೇಡಿ.