ಸೊಂಟದ ಬಟ್ಟೆ ನೀಲಿಯಲ್ಲ ಮಾರಾಯ

ಗೆಳೆಯಾ,

ನಾನು ಬಣ್ಣ ಹಚ್ಚುತ್ತಿರುವ ಟ್ರೋಲ್ ಅನ್ನುವ ರಾಕ್ಷಸ ಬೊಂಬೆಯ ಫೋಟೋ ನೋಡಿದವನೇ "ನಾಲ್ಕೇ ಬಣ್ಣ ಅಂದಿದ್ದೆ, ಸೊಂಟದ ಬಟ್ಟೆಗೆ ನೀಲಿ ಎಲ್ಲಿಂದ ಬಂತು? ಇದು ಮೋಸ" ಅಂತ ಬರೆದಿದ್ದೀಯ. ನಿಜ ಹೇಳಲಾ, ಅದನ್ನು ಓದಿ ತುಂಬ ಖುಷಿಯಾಯಿತು. ಆ ಬಟ್ಟೆಯಲ್ಲಿ ನೀಲಿ ಒಂದು ತೊಟ್ಟೂ ಇಲ್ಲ. ಕಪ್ಪು ಮತ್ತು ಬಿಳಿ, ಅಷ್ಟೇ. ಹೇಗೆ ಅಂತ ಹೇಳುತ್ತೇನೆ. ಆದರೆ ನಿಯಮದಿಂದ ಶುರು ಮಾಡಬೇಕು.

ಈ ಸಲದ ಸವಾಲು ಹೀಗಿದೆ. ಒಂದೇ ಮಿನಿಯೇಚರ್, ಅಂದರೆ ಮೇಜಿನ ಮೇಲಿನ ಯುದ್ಧದಾಟದ ಪುಟ್ಟ ಬೊಂಬೆ, ತಿಂಗಳ ಕೊನೆಯೊಳಗೆ ಮುಗಿಯಬೇಕು. ಕಪ್ಪು, ಬಿಳಿ, ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ, ಜೊತೆಗೆ ಕಿತ್ತಳೆಯ ಕಡೆ ವಾಲುವ ಒಂದು ಕೆಂಪು. ಲೋಹದ ಹೊಳಪಿನ ಬಣ್ಣ ಇಲ್ಲ, ತಗ್ಗಿಗೆ ಹರಿದು ನೆರಳು ಕೊಡುವ ರೆಡಿಮೇಡ್ ವಾಶ್ ಇಲ್ಲ. ಬೊಂಬೆ ನಿಲ್ಲುವ ಬೇಸ್‌ಗೂ ಇವೇ ನಾಲ್ಕು. ಇಂಥ ನಿಯಮ ಓದಿದ ಮೇಲೂ ಟ್ರೋಲನ್ನೇ ಆರಿಸಿಕೊಂಡೆ, ಸುಮ್ನೆ ಹಟಕ್ಕೆ. ಟ್ರೋಲ್ ಅಂದ ಮೇಲೆ ಹಸಿರು ಬೇಕೇ ಬೇಕು ಅಲ್ವಾ? ಹಸಿರು ಬಾಟಲಿ ತೆಗೆಯುವ ಹಾಗಿಲ್ಲ. ಬೆರೆಸಿ ಮಾಡೋಣ ಅಂದರೆ ನೀಲಿಯೂ ಇಲ್ಲ.

ಈ ನಾಲ್ಕರ ಜೋಡಣೆಗೆ ಚಿತ್ರಕಾರರು ಜೋರ್ನ್ ಪ್ಯಾಲೆಟ್ ಅನ್ನುತ್ತಾರೆ. ಆಂಡರ್ಸ್ ಜೋರ್ನ್ ಸ್ವೀಡನ್ನಿನ ಚಿತ್ರಕಾರ, 1860ರಲ್ಲಿ ಹುಟ್ಟಿ 1920ರಲ್ಲಿ ತೀರಿಕೊಂಡ. 1896ರಲ್ಲಿ ತನ್ನದೇ ಚಿತ್ರ ಬರೆದುಕೊಂಡಾಗ ಕೈಯಲ್ಲಿರುವ ಪ್ಯಾಲೆಟ್ಟಿನ, ಅಂದರೆ ಬಣ್ಣ ಬೆರೆಸುವ ಹಲಗೆಯ ಮೇಲೆ ಈ ಬಣ್ಣಗಳನ್ನೇ ತೋರಿಸಿದ್ದಾನೆ. ಅವನ ಕೆಂಪು ವರ್ಮಿಲಿಯನ್, ಪಾದರಸ ಮತ್ತು ಗಂಧಕ ಸೇರಿದ ಬಣ್ಣ. ನಮ್ಮ ಅಕ್ರಿಲಿಕ್ ಬಾಟಲಿಗಳಲ್ಲಿ ಅದು ಇಲ್ಲ, ಇರದಿರುವುದೇ ಒಳ್ಳೆಯದು. ನಮ್ಮಲ್ಲಿ ಎಷ್ಟು ಜನ ಬ್ರಷ್ಷಿನ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡುತ್ತಾರೆ ಅಂತ ನಿನಗೆ ಗೊತ್ತು. ಹಾಗಂತ ಜೋರ್ನ್ ಯಾವಾಗಲೂ ನಾಲ್ಕರಲ್ಲೇ ಬರೆದ ಅಂತ ತಿಳಿಯಬೇಡ. ಬೇಕಾದಾಗ ನೀಲಿಯನ್ನೂ ಬಳಸಿದ್ದಾನೆ. ಅವನಿಗೆ ಯಾರೂ ಸವಾಲು ಹಾಕಿರಲಿಲ್ಲ.

ಈಗ ಹಸಿರಿನ ವಿಷಯ. ಓಕರ್ ತೆಗೆದುಕೋ, ಅದಕ್ಕೆ ಕಪ್ಪನ್ನು ಚೂರು ಚೂರೇ ಸೇರಿಸು. ಕಂದು ಬರುತ್ತದೆ ಅಂದುಕೊಂಡಿರುತ್ತೀಯ, ಆದರೆ ಜೌಗಿನಲ್ಲಿ ಕೊಳೆತ ಎಲೆಯಂಥ ಹಸಿರು ಬರುತ್ತದೆ. ಕಪ್ಪು ಬಣ್ಣ ಬರೀ ಕತ್ತಲೆಯಲ್ಲ. ಅದರ ಸ್ವಭಾವ ತಣ್ಣಗೆ, ಹಳದಿಯ ಜೊತೆ ಸೇರಿದಾಗ ಬಡಪಾಯಿ ನೀಲಿಯ ಹಾಗೆ ವರ್ತಿಸುತ್ತದೆ. ಎಲೆಹಸಿರು ಇದರಲ್ಲಿ ಬರುವುದಿಲ್ಲ, ಆದರೆ ಟ್ರೋಲ್‌ಗೆ ಎಲೆಹಸಿರು ಯಾಕೆ? ಬಾಟಲಿಯಿಂದ ನೇರ ಬಂದ ಹಸಿರಿಗಿಂತ ಈ ಕೊಳಕು ಹಸಿರು ಚರ್ಮದ ಹಾಗೆ ಕಾಣುತ್ತದೆ, ನನ್ನ ಕಣ್ಣಿಗಂತೂ.

ಆ ಹಸಿರು ಒಣಗಿದ ಮೇಲೆ ಕೆಂಪನ್ನು ನೀರಿಗಿಂತ ಸ್ವಲ್ಪವೇ ದಪ್ಪ ಮಾಡಿಕೊಂಡು ಗ್ಲೇಜ್, ಅಂದರೆ ಕೆಳಗಿನ ಬಣ್ಣ ಕಾಣುವಷ್ಟು ತೆಳು ಪದರ, ಹಾಕಿದೆ. ಮೂಗಿನ ತುದಿ, ಕಿವಿ, ಮೊಣಕೈ, ಬೆರಳಿನ ಗೆಣ್ಣು, ಮಂಡಿ. ರಕ್ತ ಚರ್ಮಕ್ಕೆ ಹತ್ತಿರ ಇರುವ ಕಡೆಗಳು. ಒಂದು ಪದರ ಹಾಕಿದಾಗ ಏನೂ ಆಗಲಿಲ್ಲ ಅನಿಸುತ್ತದೆ. ಪೂರ್ತಿ ಒಣಗಲು ಬಿಟ್ಟು ಮತ್ತೊಂದು ಹಾಕಬೇಕು. ಅವಸರ ಮಾಡಿದರೆ ಕೆಳಗಿನ ಪದರ ಎದ್ದು ಬರುತ್ತದೆ. ಬಣ್ಣ ತೆಳು ಮಾಡಲು ಬರೀ ನೀರನ್ನೇ ಸುರಿಯಬೇಡ, ಗ್ಲೇಜ್ ಮೀಡಿಯಂ ಬೆರೆಸು. ನೀರು ಜಾಸ್ತಿಯಾದರೆ ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಸಾಲದೆ, ಒಣಗಿದಾಗ ಅಂಚಿನಲ್ಲಿ ಕಲೆ ಕಟ್ಟುತ್ತದೆ.

ಮುಖ ಎದ್ದು ಕಂಡಿದ್ದು ಈ ಕೆಂಪಿನಿಂದಲೇ. ಹಸಿರಿನ ಪಕ್ಕ ಕೆಂಪು ಇದ್ದರೆ ಎರಡೂ ಜೋರಾಗುತ್ತವೆ. ಬಟ್ಟೆಯ ಗುಟ್ಟೂ ಇದೇ. ಕಪ್ಪು ಬಿಳಿ ಬೆರೆಸಿದ ಬೂದು ಬಣ್ಣ ಒಂದೇ ಇದ್ದಾಗ ಬೂದು. ಅದರ ಸುತ್ತ ಓಕರ್, ಕೆಂಪು, ತುಕ್ಕಿನ ಬಣ್ಣ ತುಂಬಿದಾಗ ಕಣ್ಣು ಅದನ್ನು ತಣ್ಣನೆಯ ಕಡೆಗೆ ತಳ್ಳಿ ನೀಲಿ ಅಂತ ಓದುತ್ತದೆ. ನಂಬಿಕೆ ಬರದಿದ್ದರೆ ಬಿಳಿ ಕಾಗದದಲ್ಲಿ ಚಿಕ್ಕ ತೂತು ಮಾಡಿ, ಬಟ್ಟೆ ಮಾತ್ರ ಕಾಣುವ ಹಾಗೆ ಫೋಟೋ ಮೇಲೆ ಇಟ್ಟು ನೋಡು. ಆಮೇಲೆ ಮೋಸ ಅಂದ ಮಾತನ್ನು ವಾಪಸ್ ತೆಗೆದುಕೊಳ್ಳುವೆಯಂತೆ.

ಬಣ್ಣ ಹಿಡಿಯಲಿ ಅಂತ ಮೊದಲು ಹಾಕುವ ಪ್ರೈಮರ್ ವಿಷಯದಲ್ಲೂ ನೀನು ತಕರಾರು ಎತ್ತುತ್ತೀಯ ಅಂತ ಗೊತ್ತು. ಮೊದಲು ಪೂರ್ತಿ ಕಪ್ಪು, ಆಮೇಲೆ ತಲೆಯ ಮೇಲಿನಿಂದ ಮಾತ್ರ ಬಿಳಿ ಸ್ಪ್ರೇ. ಎರಡೂ ನಾಲ್ಕರೊಳಗಿನವೇ. ಈ ಜೆನಿಥಲ್ ವಿಧಾನ ನನಗೆ ಯಾಕೆ ಇಷ್ಟ ಅಂದರೆ, ಇಷ್ಟು ಚಿಕ್ಕ ಬೊಂಬೆಗೆ ಬೆಳಕು ತಾನಾಗಿ ಕೆಲಸ ಮಾಡುವುದಿಲ್ಲ. ನಮ್ಮ ಆಟದ ಸಾಮಾನ್ಯ ಯೋಧನ ಎತ್ತರ ಸುಮಾರು 28 ಮಿ.ಮೀ. ನಿಜವಾದ ಮನುಷ್ಯನ ಗದ್ದದ ಕೆಳಗೆ ಬೀಳುವಂಥ ನೆರಳು ಅಲ್ಲಿ ಕಣ್ಣಿಗೆ ದಕ್ಕುವುದಿಲ್ಲ. ಟ್ರೋಲ್ ಅದಕ್ಕಿಂತ ದೊಡ್ಡದಾದರೂ ಕಥೆ ಅದೇ. ಅದಕ್ಕೇ ನೆರಳನ್ನೂ ನಾವೇ ಬರೆಯಬೇಕು. ಬಣ್ಣ ಕಡಿಮೆ ಇದ್ದಾಗ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. "ಇಲ್ಲಿ ಯಾವ ಬಣ್ಣ ಹಾಕಲಿ" ಅನ್ನುವ ಪ್ರಶ್ನೆ ಹೋಗಿ, "ಇಲ್ಲಿ ಎಷ್ಟು ಬೆಳಕು" ಅನ್ನುವ ಪ್ರಶ್ನೆ ಬರುತ್ತದೆ. ಬಾಟಲಿಗಳನ್ನು ಬೀರುವಿಗೆ ಹಾಕಿ ಬೀಗ ಜಡಿದಿದ್ದು ಇದಕ್ಕೇ.

ಕತ್ತಿಗೆ ಬಂದಾಗ ಮಾತ್ರ ಬೆವರಿಳಿಯಿತು. ಬೆಳ್ಳಿ ಬಣ್ಣದೊಳಗೆ ಹೊಳೆಯುವ ಚೂರುಗಳಿರುತ್ತವೆ. ಬೊಂಬೆಯನ್ನು ತಿರುಗಿಸಿದ ಹಾಗೆಲ್ಲ ಹೊಳಪೂ ಜಾಗ ಬದಲಿಸುತ್ತದೆ. ಬರೀ ಕಪ್ಪು ಬಿಳುಪಿನಲ್ಲಿ ಲೋಹ ತೋರಿಸುವಾಗ ಹೊಳಪು ಎಲ್ಲಿ ಅಂತ ಮೊದಲೇ ತೀರ್ಮಾನಿಸಿ, ಅಲ್ಲೇ ನಿಲ್ಲಿಸಬೇಕು. ಬಿಳಿಯಿಂದ ಕಪ್ಪಿಗೆ ತೀರಾ ಕಡಿಮೆ ಜಾಗದಲ್ಲಿ ಇಳಿಯಬೇಕು. ನಿಧಾನವಾಗಿ ಇಳಿದರೆ ಅದು ಕಲ್ಲಿನ ಹಾಗೆ ಕಾಣುತ್ತದೆ, ಲೋಹ ಅನಿಸುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಒಂದು ಕೋನದಿಂದ ಚೆನ್ನಾಗಿ ಬಂದಿದೆ. ಹಿಂದಿನಿಂದ ನೋಡಬೇಡ. ತುಕ್ಕಿಗೆ ಕೆಂಪು, ಓಕರ್ ಮತ್ತು ಸ್ವಲ್ಪ ಕಪ್ಪು ಬೆರೆಸಿ, ಹರಿದ ಸ್ಪಂಜಿನ ಚೂರಿನಿಂದ ಒತ್ತಿದೆ.

ಇನ್ನೊಂದು ವಿಷಯ, ನಿನ್ನ ಕೆಂಪು ಮೇಲಂಗಿಯ ಸೈನಿಕರಿಗೂ ಬೇಕಾಗುತ್ತದೆ. ಕೆಂಪನ್ನು ತಿಳಿ ಮಾಡಲು ಬಿಳಿ ಹಾಕಿದರೆ ಗುಲಾಬಿಯಾಗಿ ಕೂರುತ್ತದೆ. ಓಕರ್ ಹಾಕು. ಟ್ರೋಲ್‌ನ ನಾಲಿಗೆ ಹಾಗೆ ಮಾಡಿದ್ದು, ಬಿಳಿ ಬರೀ ತುದಿಯ ಒದ್ದೆ ಚುಕ್ಕೆಗೆ. ಬೆರೆಸಿದ್ದನ್ನು ಒದ್ದೆ ಪ್ಯಾಲೆಟ್ ಮೇಲೆ ಇಟ್ಟುಕೋ. ಅಗಲದ ಡಬ್ಬಿ, ನೆನೆಸಿದ ಸ್ಪಂಜು, ಮೇಲೊಂದು ಬೇಕಿಂಗ್ ಪೇಪರ್, ಇಷ್ಟಿದ್ದರೆ ಸಾಕು. ಒಂದು ಸಲ ಬಂದ ಹದ ಇನ್ನೊಂದು ಸಲ ಬರುವುದಿಲ್ಲ, ಸಾಲದ್ದಕ್ಕೆ ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿಯೇ ಬೆರೆಸು.

ನಿನ್ನ ಅಸ್ಥಿಪಂಜರದ ಸೈನ್ಯಕ್ಕೆ ಇದೆಲ್ಲ ಹೇಳುತ್ತಿಲ್ಲ, ಗಾಬರಿಯಾಗಬೇಡ. ಅದಕ್ಕೆ ನೀನು ಮಾಡುತ್ತಿರುವುದೇ ಸರಿ. 2019ರಲ್ಲಿ ಗೇಮ್ಸ್ ವರ್ಕ್‌ಶಾಪ್ ಅನ್ನುವ ಬೊಂಬೆ ಕಂಪನಿ ತಂದ ಕಾಂಟ್ರಾಸ್ಟ್ ಬಣ್ಣಗಳು ಇರುವುದೇ ಇಂಥ ಗುಂಪಿಗೆ. ಒಂದು ಪದರ ಹಾಕಿದರೆ ತಗ್ಗಿನಲ್ಲಿ ಗಾಢ, ಉಬ್ಬಿನಲ್ಲಿ ತಿಳಿ. ಮೇಜಿನ ಮೇಲೆ ನಲವತ್ತು ಎಲುಬುಗೂಡುಗಳು ಸಾಲಾಗಿ ನಿಂತಾಗ ಒಂದರ ಮೊಣಕೈ ಯಾರು ನೋಡುತ್ತಾರೆ? ಇದನ್ನು ಸೋಮಾರಿತನ ಅನ್ನುವವರ ಜೊತೆ ನಾನು ವಾದಕ್ಕೇ ಇಳಿಯುವುದಿಲ್ಲ. ಬಣ್ಣ ಇಲ್ಲದ ಬೂದು ಪ್ಲಾಸ್ಟಿಕ್ ಸೈನ್ಯಕ್ಕಿಂತ ಬೇಗ ಮುಗಿದ ಸೈನ್ಯ ಸಾವಿರ ಪಾಲು ಮೇಲು. 1987ರಲ್ಲಿ ಶುರುವಾದ ಗೋಲ್ಡನ್ ಡೀಮನ್ ಅನ್ನುವ ಬೊಂಬೆಗೆ ಬಣ್ಣ ಹಚ್ಚುವ ಸ್ಪರ್ಧೆಗೆ ಕಳಿಸುವವರ ಲೆಕ್ಕವೇ ಬೇರೆ. ನಮ್ಮ ಸವಾಲಿಗೆ ಬಹುಮಾನವೂ ಇಲ್ಲ, ತೀರ್ಪುಗಾರರೂ ಇಲ್ಲ.

ಬೇಸ್ ಇನ್ನೂ ಬಾಕಿ ಇದೆ. ಕೆಸರು ಮಾಡಬೇಕು. ಓಕರ್ ಜಾಸ್ತಿ ಹಾಕಿದರೆ ಚರ್ಮದ ಜೊತೆ ಕಲೆತು ಕಾಲು ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ತೀರಾ ಕಪ್ಪು ಮಾಡಿದರೆ ಕೆಳಗಿನ ಅರ್ಧ ಭಾರವಾಗುತ್ತದೆ. ಕೆಂಪಿನ ಕಡೆ ವಾಲುವ ಕಂದು ಅಂದುಕೊಂಡಿದ್ದೇನೆ, ಮೇಲೆ ತೆಳ್ಳಗೆ ಹೊಳಪಿನ ವಾರ್ನಿಶ್, ಒದ್ದೆ ಕಾಣಲಿ ಅಂತ. ವಾರ್ನಿಶ್ ಐದನೇ ಬಣ್ಣ ಅಂತ ನೀನು ಎಣಿಸುವುದಾದರೆ ಈಗಲೇ ಹೇಳಿಬಿಡು.

ಮುಂದಿನ ತಿಂಗಳ ಸವಾಲಿಗೆ ನೀನೂ ಸೇರು. ಆ ಎಲುಬುಗೂಡುಗಳ ಸೇನಾಪತಿ ಇನ್ನೂ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸದೇ ಬಿದ್ದಿದ್ದಾನಲ್ಲ, ಅವನನ್ನೇ ತೆಗೆದುಕೋ. ಮೂಳೆಗೆ ಓಕರ್ ಮತ್ತು ಬಿಳಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಮೇಲಂಗಿ ಮಾತ್ರ ನೇರಳೆಯೇ ಬೇಕು ಅಂತ ಹಟ ಹಿಡಿಯಬೇಡ. ಈ ನಾಲ್ಕರಲ್ಲಿ ಒಳ್ಳೆಯ ನೇರಳೆ ಬರುವುದಿಲ್ಲ, ನಾನು ನೋಡಿಯಾಯಿತು.

ನಿನ್ನ,
ಟ್ರೋಲ್ ಸಾಕುತ್ತಿರುವವನು